ಬೊಗಲೂಸಾದ ಸಾಮಿಲ್ಲು, ನಮ್ಮ ಸೀನಿಯಾರಿಟಿ ಪಟ್ಟಿ



ಇದು ಸ್ವಲ್ಪ ಉದ್ದದ ಬರಹ. ಬಿಡುವು ಮಾಡಿಕೊಂಡು ಓದಿ.

ಬಡ್ತಿ ಮೀಸಲಾತಿಯ ಚರ್ಚೆ ಬಂದಾಗಲೆಲ್ಲ ನಮ್ಮ ನೌಕರರಿಗೆ ಎದುರಾಗುವ ಮಾತೊಂದಿದೆ. "ಕೆಲಸಕ್ಕೆ ಸೇರುವಾಗ ಮೀಸಲಾತಿ ಸಿಕ್ಕಾಯ್ತಲ್ಲ, ಒಳಗೆ ಬಂದ ಮೇಲೆ ಎಲ್ಲರೂ ಒಂದೇ. ಇನ್ನು ಮುಂದೆ ಸೀನಿಯಾರಿಟಿ ಪ್ರಕಾರ ನಡೀಲಿ ಬಿಡಿ." ಕೇಳೋಕೆ ಬಹಳ ನ್ಯಾಯವಾಗಿದೆ ಅನ್ಸುತ್ತೆ. ಸೀನಿಯಾರಿಟಿ ಅನ್ನೋ ಪದದಲ್ಲಿ ಜಾತಿಯ ವಾಸನೆಯೇ ಇಲ್ಲ. ಹಾಜರಾತಿ ಪುಸ್ತಕದಷ್ಟೇ ಸಾದಾ ಪದ ಅದು. ನಮ್ಮವರೂ ಎಷ್ಟೋ ಜನ ಈ ಮಾತಿಗೆ ಏನು ಉತ್ತರ ಕೊಡಬೇಕು ಅಂತ ತಿಳಿಯದೆ ಸುಮ್ಮನಾಗ್ತಾರೆ.

ನಾನು ಇವತ್ತು ಉತ್ತರ ಹುಡುಕಿಕೊಂಡು ಹೋಗ್ತಿರೋದು ಅಮೆರಿಕದ ದಕ್ಷಿಣದ ಒಂದು ಹಳ್ಳಿಗಾಡಿಗೆ, ಅಲ್ಲಿದ್ದ ಒಂದು ಸಾಮಿಲ್ಲಿಗೆ. ಆ ಮಿಲ್ಲಿನ ಸುತ್ತ ಅರವತ್ತು ವರ್ಷಗಳಲ್ಲಿ ನಡೆದದ್ದನ್ನ ಗಮನವಿಟ್ಟು ನೋಡಿದರೆ, ಒಂದು ಸೀನಿಯಾರಿಟಿ ಪಟ್ಟಿಯ ಹಿಂದೆ ಏನೆಲ್ಲ ಇರಬಹುದು ಅಂತ ಅರ್ಥ ಆಗುತ್ತೆ.

ಊರು ಮತ್ತು ಮಿಲ್ಲು

ಲೂಯಿಸಿಯಾನ ರಾಜ್ಯದ ಪೂರ್ವದ ಅಂಚಿನಲ್ಲಿ, ಪರ್ಲ್ ನದಿಯ ಪಕ್ಕ ವಾಷಿಂಗ್ಟನ್ ಪ್ಯಾರಿಷ್ ಅಂತ ಒಂದು ಪ್ರದೇಶ ಇದೆ. ಅಲ್ಲಿ ಜಿಲ್ಲೆಗೆ ಪ್ಯಾರಿಷ್ ಅಂತಾರೆ. ನೂರಿಪ್ಪತ್ತು ವರ್ಷದ ಹಿಂದೆ ಅದು ಪೈನ್ ಮರಗಳ ದಟ್ಟ ಕಾಡು. ಮಧ್ಯೆ ಮಧ್ಯೆ ಸಣ್ಣ ಸಣ್ಣ ಹಳ್ಳಿಗಳು, ಬಡ ಬಿಳಿಯ ರೈತರು, 1865ರಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದವರ ಮಕ್ಕಳು ಮೊಮ್ಮಕ್ಕಳು. ಅದಕ್ಕೂ ಮುಂಚೆ ಅದು ಚಾಕ್ಟಾ ಬುಡಕಟ್ಟಿನವರ ನೆಲ. ಅಲ್ಲಿ ಹರಿಯುವ ಹಳ್ಳವೊಂದಕ್ಕೆ ಅವರ ಭಾಷೆಯಲ್ಲಿ ಕಪ್ಪು ನೀರು ಅನ್ನೋ ಅರ್ಥದ ಹೆಸರಿತ್ತು. ಆ ಹೆಸರಿಂದಲೇ ಮುಂದೆ ಊರು ಬೊಗಲೂಸಾ ಆಯ್ತು. ಜನರನ್ನ ಓಡಿಸಿ ಅವರ ಹಳ್ಳದ ಹೆಸರನ್ನ ಮಾತ್ರ ಉಳಿಸಿಕೊಳ್ಳೋದು ಎಲ್ಲ ಕಡೆ ನಡೆದದ್ದೇ.

ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ಗುಡ್‌ಇಯರ್ ಸಹೋದರರು ಅಲ್ಲಿನ ಕಾಡನ್ನ ಕೊಂಡರು. ಗ್ರೇಟ್ ಸದರ್ನ್ ಲಂಬರ್ ಕಂಪನಿ ಅಂತ ಕಟ್ಟಿದರು. ರೈಲು ಹಾಕಿಸಿದರು. 1908ರಲ್ಲಿ ಮಿಲ್ಲು ಶುರುವಾಯ್ತು. ಜಗತ್ತಿನಲ್ಲೇ ದೊಡ್ಡ ಸಾಮಿಲ್ಲು ಅಂತ ಅದಕ್ಕೆ ಹೆಸರು. ದಿನಕ್ಕೆ ಹತ್ತು ಲಕ್ಷ ಬೋರ್ಡ್ ಫೂಟ್ ಮರ ಕೊಯ್ಯುವ ಸಾಮರ್ಥ್ಯ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಇಂಚು ದಪ್ಪದ ಹಲಗೆಗೆ ಒಂದು ಬೋರ್ಡ್ ಫೂಟ್. ಅಂಥ ಹತ್ತು ಲಕ್ಷ ಹಲಗೆ, ಒಂದೇ ದಿನಕ್ಕೆ. ಲೆಕ್ಕ ಹಾಕಿ.

ಊರನ್ನ ಕಟ್ಟಿದ್ದೂ ಕಂಪನಿಯೇ. ಮನೆ ಕಂಪನಿಯದು, ಅಂಗಡಿ ಕಂಪನಿಯದು. ಮಿಲ್ಲಿನ ಜನರಲ್ ಮ್ಯಾನೇಜರ್ ಡಬ್ಲ್ಯು. ಎಚ್. ಸಲ್ಲಿವನ್ ಅನ್ನೋನು 1914ರಲ್ಲಿ ಊರಿನ ಮೇಯರ್ ಕೂಡ ಆದ. 1929ರಲ್ಲಿ ಸಾಯೋವರೆಗೂ ಊರಿನ ಮೇಲೆ ಅವನದೇ ಹಿಡಿತ. ನಮ್ಮ ಕಡೆ ಹೇಳೋದಾದ್ರೆ ಜಮೀನ್ದಾರನೂ ಅವನೇ, ಪಟೇಲನೂ ಅವನೇ. ಬಿಳಿಯರ ಬೀದಿ ಬೇರೆ, ಕಪ್ಪು ಜನರ ಕೇರಿ ಬೇರೆ. ಇದನ್ನ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮಿಲ್ಲಿನ ಒಳಗಿನ ಕೇರಿ

ಸಾಮಿಲ್ಲಿನಲ್ಲಿ ಕೆಲಸ ಹೇಗೆ ನಡೀತಿತ್ತು ಅಂತ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ವಿಷಯ ಇರೋದೇ ಅಲ್ಲಿ.

ಕಾಡಿನಿಂದ ದಿಮ್ಮಿಗಳು ರೈಲಿನಲ್ಲಿ ಬಂದು ಮಿಲ್ಲಿನ ಕೊಳಕ್ಕೆ ಬೀಳ್ತವೆ. ಕೊಳದಲ್ಲಿ ನಿಂತವರು ಉದ್ದನೆಯ ಕೋಲಿನಿಂದ ಅವನ್ನ ತಳ್ಳಿ ಸರಪಳಿಗೆ ಸಿಕ್ಕಿಸ್ತಾರೆ. ಸರಪಳಿ ದಿಮ್ಮಿಯನ್ನ ಮೇಲಕ್ಕೆ, ದೊಡ್ಡ ಗರಗಸದ ಹತ್ತಿರಕ್ಕೆ ಎಳೆದೊಯ್ಯುತ್ತೆ. ಅಲ್ಲಿ ಸಾಯರ್ ಅನ್ನೋನು, ಅಂದ್ರೆ ಕೊಯ್ಯುವವನು, ದಿಮ್ಮಿಯನ್ನ ಒಂದು ಕಣ್ಣಲ್ಲಿ ನೋಡಿ ಹೇಗೆ ಕೊಯ್ಯಬೇಕು ಅಂತ ನಿರ್ಧರಿಸ್ತಾನೆ. ಗರಗಸದ ಹಲ್ಲು ಮಸೆಯುವವನು ಇನ್ನೊಬ್ಬ. ಮಿಲ್ಲಿನಲ್ಲಿ ದೊಡ್ಡ ಸಂಬಳ ಇವರಿಗೆ. ಕೊಯ್ದ ಹಸಿ ಹಲಗೆಗಳು ಇನ್ನೊಂದು ಸರಪಳಿಯ ಮೇಲೆ ನಿಲ್ಲದೆ ಬರ್ತಾ ಇರ್ತವೆ. ನೀರು ತುಂಬಿದ ಆ ಭಾರದ ಹಲಗೆಗಳನ್ನ ಕೈಯಲ್ಲೇ ಎಳೆದು, ಅಳತೆ ಪ್ರಕಾರ ಬೇರೆ ಮಾಡಿ, ಪೇರಿಸೋದು ಇಡೀ ಮಿಲ್ಲಿನಲ್ಲಿ ಸೊಂಟ ಮುರಿಯುವ ಕೆಲಸ. ಆಮೇಲೆ ಬಾಯ್ಲರ್‌ಗೆ ಸೌದೆ ಹಾಕೋದು, ಒಣಗಿಸೋ ಗೂಡಿಗೆ ತುಂಬೋದು, ಕಾಡಿನಲ್ಲಿ ಮರ ಉರುಳಿಸೋದು.

ಆ ಕಾಲಕ್ಕೆ ಅಮೆರಿಕದ ದಕ್ಷಿಣದ ಮರದ ಉದ್ಯಮದಲ್ಲಿ ಸುಮಾರು ಅರ್ಧದಷ್ಟು ದುಡಿಯುವವರು ಕಪ್ಪು ಜನ. ಅವರು ಎಲ್ಲಿದ್ದರು ಅಂತ ಊಹಿಸೋದು ಕಷ್ಟ ಅಲ್ಲ. ಕಾಡಿನಲ್ಲಿ, ಕೊಳದಲ್ಲಿ, ಸರಪಳಿಯ ಕೊನೆಯಲ್ಲಿ, ಬೆಂಕಿಯ ಮುಂದೆ. ಗರಗಸದ ಹಿಡಿಕೆಯ ಹತ್ತಿರ, ಮೇಸ್ತ್ರಿಯ ಜಾಗದಲ್ಲಿ ಬಿಳಿಯರು. ಇಪ್ಪತ್ತು ವರ್ಷ ದುಡಿದರೂ ಹಲಗೆ ಎಳೆಯುವವನು ಹಲಗೆ ಎಳೆಯುವವನೇ.

ಬಿಳಿಯ ಕಾರ್ಮಿಕನಿಗೇನು ಸುಖ ಇತ್ತು ಅಂತಲ್ಲ. ಅವನ ಸಂಬಳವೂ ಕಡಿಮೆಯೇ, ಅವನ ಬೆರಳೂ ಗರಗಸಕ್ಕೆ ಹೋಗ್ತಿತ್ತು, ಅವನ ಮನೆಯೂ ಕಂಪನಿಯದೇ. ಆದರೆ ಅವನಿಗೆ ತನ್ನ ಕೆಳಗೆ ಒಬ್ಬ ಇದ್ದಾನೆ ಅನ್ನೋ ಸಮಾಧಾನ ಇತ್ತು. ಡಬ್ಲ್ಯು.ಇ.ಬಿ. ಡು ಬಾಯ್ಸ್ 1935ರಲ್ಲಿ ಈ ಸಮಾಧಾನವನ್ನ ಒಂದು ಬಗೆಯ ಕೂಲಿ ಅಂತಲೇ ಕರೆದರು, ಮನಸ್ಸಿಗೆ ಸಿಗುವ ಕೂಲಿ. ಮಾಲೀಕನಿಗೆ ಬಹಳ ಅಗ್ಗದ ಕೂಲಿ ಅದು. ಬಾಬಾಸಾಹೇಬರು ಮರುವರ್ಷ, 1936ರಲ್ಲಿ, ಜಾತಿ ಹಂಚಿಹಾಕಿರೋದು ಕೆಲಸವನ್ನಷ್ಟೇ ಅಲ್ಲ, ಕೆಲಸಗಾರರನ್ನೇ ಅಂತ ಬರೆದರು. ಇಬ್ಬರೂ ಬೇರೆ ಬೇರೆ ಖಂಡದಲ್ಲಿ ನಿಂತು ನೋಡ್ತಿದ್ದದ್ದು ಒಂದೇ ಗೋಡೆಯನ್ನ.

1919ರ ನವೆಂಬರ್

ಈ ಗೋಡೆಯನ್ನ ದಾಟುವ ಪ್ರಯತ್ನ ಮೊದಲು ನಡೆದದ್ದು ಲೂಯಿಸಿಯಾನದ ಪಶ್ಚಿಮ ಭಾಗದಲ್ಲಿ. 1910ರಲ್ಲಿ ಅಲ್ಲಿನ ಸಾಮಿಲ್ಲು ಕಾರ್ಮಿಕರು, ಸುತ್ತಲ ಸಣ್ಣ ರೈತರು ಸೇರಿ ಬ್ರದರ್‌ಹುಡ್ ಆಫ್ ಟಿಂಬರ್ ವರ್ಕರ್ಸ್ ಅಂತ ಸಂಘ ಕಟ್ಟಿದರು. ಕಪ್ಪು ಜನರನ್ನೂ ಸೇರಿಸಿಕೊಂಡರು, ಆದರೆ ಶಾಖೆಗಳು ಬೇರೆ ಬೇರೆ. 1912ರಲ್ಲಿ ಅವರ ಸಮಾವೇಶಕ್ಕೆ ಬಂದ ಕಾರ್ಮಿಕ ನಾಯಕ ಬಿಲ್ ಹೇವುಡ್, ಕಪ್ಪು ಸಂಗಾತಿಗಳು ಎಲ್ಲಿ ಅಂತ ಕೇಳಿದ. ಒಟ್ಟಿಗೆ ಕೂರೋದು ಇಲ್ಲಿ ಕಾನೂನಿಗೆ ವಿರುದ್ಧ ಅಂತ ಹೇಳಿದರು. ಹಾಗಿದ್ರೆ ಕಾನೂನು ಮುರಿಯೋಣ ಅಂತ ಅವನು ಅಂದ, ಎಲ್ಲರೂ ಒಂದೇ ಹಾಲಿನಲ್ಲಿ ಕೂತರು. ಅದೇ ವರ್ಷ ಜುಲೈ 7ರಂದು ಗ್ರಾಬೋ ಅನ್ನೋ ಮಿಲ್ಲೂರಿನಲ್ಲಿ ಗುಂಡು ಹಾರಿ ನಾಲ್ವರು ಸತ್ತರು. ಮುಂದಿನ ಕೆಲವು ವರ್ಷಗಳಲ್ಲಿ ಆ ಸಂಘ ಮುರಿದುಬಿತ್ತು.

ಏಳು ವರ್ಷದ ನಂತರ ಬೊಗಲೂಸಾದ ಸರದಿ. ಮೊದಲ ಮಹಾಯುದ್ಧ ಮುಗಿದಿತ್ತು. ಸೈನ್ಯದಿಂದ ವಾಪಸ್ ಬಂದ ಕಪ್ಪು ಯುವಕರು ತಲೆ ಎತ್ತಿ ನಡೆಯೋದನ್ನ ಸಹಿಸಲಾರದೆ ಆ ವರ್ಷ ಅಮೆರಿಕದ ಎಷ್ಟೋ ಊರುಗಳಲ್ಲಿ ಅವರ ಮೇಲೆ ದಾಳಿಗಳು ನಡೆದವು. ಅಂಥ ವರ್ಷದಲ್ಲಿ ಬೊಗಲೂಸಾದ ಬಿಳಿಯ ಮತ್ತು ಕಪ್ಪು ಕಾರ್ಮಿಕರು ಯೂನಿಯನ್ ಸೇರೋಕೆ ಶುರುಮಾಡಿದರು. ಇಲ್ಲೂ ಶಾಖೆಗಳು ಬೇರೆಬೇರೆಯೇ, ಆದ್ರೆ ಹೋರಾಟ ಒಂದೇ. ಕಪ್ಪು ಕಾರ್ಮಿಕರ ಶಾಖೆಯ ನಾಯಕ ಸಾಲ್ ಡೇಕಸ್. ಊರಿನ ಎಲ್ಲ ಯೂನಿಯನ್‌ಗಳ ಒಕ್ಕೂಟದ ಅಧ್ಯಕ್ಷ ಲೆಮ್ ವಿಲಿಯಮ್ಸ್, ಬಿಳಿಯ.

ಕಂಪನಿ ಮಾಡಬಹುದಾದ್ದನ್ನೆಲ್ಲ ಮಾಡ್ತು. ಯೂನಿಯನ್ ಸೇರಿದವರನ್ನ ಕೆಲಸದಿಂದ ತೆಗೆದರು. ಕಂಪನಿ ಮನೆಗಳಿಂದ ಹೊರಗೆ ಹಾಕಿದರು. ಊರಿನ ವ್ಯಾಪಾರಿಗಳು, ಕಂಪನಿಯ ಕಡೆಯವರು ಸೇರಿ ಸೆಲ್ಫ್ ಪ್ರಿಸರ್ವೇಷನ್ ಅಂಡ್ ಲಾಯಲ್ಟಿ ಲೀಗ್ ಅಂತ ಒಂದು ಗುಂಪು ಕಟ್ಟಿದರು. ಹೆಸರಿನಲ್ಲಿ ನಿಷ್ಠೆ, ಕೈಯಲ್ಲಿ ಬಂದೂಕು. ನವೆಂಬರ್ 21ರ ರಾತ್ರಿ ಬಂದೂಕಿನವರು ಡೇಕಸ್ ಮನೆಗೆ ನುಗ್ಗಿ ಗುಂಡು ಹಾರಿಸಿದರು. ಅವನು ತಪ್ಪಿಸಿಕೊಂಡು ರಾತ್ರಿಯೆಲ್ಲ ಜೌಗು ಕಾಡಿನಲ್ಲಿ ಅಡಗಿದ್ದ.

ಮಾರನೇ ದಿನ, 1919ರ ನವೆಂಬರ್ 22. ಡೇಕಸ್ ಊರಿಗೆ ವಾಪಸ್ ಬಂದ. ಅವನ ಎರಡೂ ಪಕ್ಕ ಬಂದೂಕು ಹಿಡಿದ ಇಬ್ಬರು ಬಿಳಿಯ ಕಾರ್ಮಿಕರು, ಅವನ ಕಾವಲಿಗೆ. ಮೂವರೂ ಊರಿನ ಮುಖ್ಯ ಬೀದಿಯಲ್ಲಿ, ಹಗಲು ಹೊತ್ತಿನಲ್ಲಿ, ವಿಲಿಯಮ್ಸ್‌ನ ಗ್ಯಾರೇಜಿನ ತನಕ ನಡೆದು ಹೋದರು. ಆ ಕಾಲದ ಲೂಯಿಸಿಯಾನದಲ್ಲಿ ಒಬ್ಬ ಕಪ್ಪು ಮನುಷ್ಯನ ಪ್ರಾಣ ಉಳಿಸೋಕೆ ಬಿಳಿಯರು ತಮ್ಮವರ ಎದುರೇ ಬಂದೂಕು ಹಿಡಿದು ನಡೆಯೋದು ಅಂದ್ರೆ ಏನು ಅಂತ ಯೋಚಿಸಿ. ಕಂಪನಿ ಹೆದರಿದ್ದು ಈ ದೃಶ್ಯಕ್ಕೆ. ಸಂಬಳ ಎರಡಾಣೆ ಜಾಸ್ತಿ ಕೇಳಿದರೆ ಕೊಟ್ಟು ಸುಮ್ಮನಾಗಿಸಬಹುದು, ಇದನ್ನ ಸುಮ್ಮನಾಗಿಸೋದು ಹೇಗೆ?

ಸ್ವಲ್ಪ ಹೊತ್ತಿಗೆ ಬಂದೂಕುಧಾರಿಗಳ ದೊಡ್ಡ ಗುಂಪು ಗ್ಯಾರೇಜನ್ನ ಸುತ್ತುವರಿಯಿತು. ಡೇಕಸ್‌ನನ್ನ ಹಿಡಿದುಕೊಡಿ ಅನ್ನೋದು ನೆಪ. ಗುಂಡುಗಳು ಹಾರಿದವು. ಲೆಮ್ ವಿಲಿಯಮ್ಸ್ ಸತ್ತ. ಅವನ ಜೊತೆ ಇನ್ನೂ ಮೂವರು ಬಿಳಿಯ ಯೂನಿಯನ್ ಕಾರ್ಮಿಕರು ಪ್ರಾಣ ಕಳೆದುಕೊಂಡರು. ಡೇಕಸ್ ಮತ್ತೊಮ್ಮೆ ತಪ್ಪಿಸಿಕೊಂಡ, ಊರು ಬಿಟ್ಟ.

ಈ ಕೊಲೆಗಳಿಗೆ ಯಾರಿಗೂ ಶಿಕ್ಷೆ ಆಗಲಿಲ್ಲ. ವಿಲಿಯಮ್ಸ್‌ನ ಹೆಂಡತಿ ಕಂಪನಿಯ ಮೇಲೆ ಪರಿಹಾರದ ದಾವೆ ಹೂಡಿದಳು. ಅದು ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು. 1928ರಲ್ಲಿ ಕಂಪನಿ ಗೆದ್ದಿತು. ಯೂನಿಯನ್ ಅಲ್ಲಿಗೆ ಮುಗೀತು.

ಮರ ಮುಗಿದ ಮೇಲೆ

ದಿನಕ್ಕೆ ಹತ್ತು ಲಕ್ಷ ಅಡಿ ಕೊಯ್ದರೆ ಎಂಥ ಕಾಡಾದರೂ ಎಷ್ಟು ದಿನ ಇರುತ್ತೆ? ಕಂಪನಿ 1920ರಿಂದ ಸಸಿ ನೆಡೋ ಕೆಲಸ ಶುರುಮಾಡಿ ಅದಕ್ಕೆ ಹೆಸರೂ ಪಡೀತು. ಆದರೆ ನೂರಾರು ವರ್ಷ ಬೆಳೆದ ಪೈನ್ ಮರಕ್ಕೆ ಸಸಿ ಸಮ ಅಲ್ಲ. ಹಳೆಯ ಕಾಡು ಮುಗೀತು. 1938ರಲ್ಲಿ, ಶುರುವಾಗಿ ಬರೀ ಮೂವತ್ತು ವರ್ಷಕ್ಕೆ, ಜಗತ್ತಿನ ದೊಡ್ಡ ಸಾಮಿಲ್ಲು ಬಾಗಿಲು ಹಾಕಿತು.

ದಕ್ಷಿಣದಲ್ಲಿ ಹೀಗೆ ಮರ ಮುಗಿದ ಮೇಲೆ ಮಿಲ್ಲಿನ ಜೊತೆ ಊರೇ ಮಾಯವಾದ ಜಾಗಗಳು ಎಷ್ಟೋ ಇವೆ. ಸುತ್ತಲ ಹಳ್ಳಿಯವರಿಗೆ ಉಳಿದದ್ದು ಬೊಡ್ಡೆ ತುಂಬಿದ ಬೋಳು ನೆಲ. ಬೊಗಲೂಸಾ ಉಳಿದದ್ದು ಕಾಗದದ ಕಾರ್ಖಾನೆಯಿಂದ. ಹಲಗೆಗೆ ಆಗದ ಎಳೆಯ ಪೈನ್ ಮರ ಕಾಗದಕ್ಕೆ ಆಗುತ್ತೆ. ಆ ಕಾರ್ಖಾನೆ ಕೈಯಿಂದ ಕೈಗೆ ಹೋಗಿ 1955ರಲ್ಲಿ ಕ್ರೌನ್ ಝೆಲ್ಲರ್‌ಬಾಕ್ ಅನ್ನೋ ದೊಡ್ಡ ಕಂಪನಿಗೆ ಸೇರಿತು.

ಗರಗಸ ಹೋಯ್ತು, ಕಾಗದ ಬಂತು, ಮಾಲೀಕರು ಬದಲಾದರು. ಗೋಡೆ ಮಾತ್ರ ಅಲ್ಲೇ ಇತ್ತು. ಬಿಳಿಯರಿಗೆ ಒಂದು ಯೂನಿಯನ್, ನಂಬರ್ 189. ಕಪ್ಪು ಕಾರ್ಮಿಕರಿಗೆ ಇನ್ನೊಂದು, ನಂಬರ್ 189-ಎ. ಆ "ಎ" ಒಂದರಲ್ಲೇ ಇಡೀ ಕೇರಿ ಇದೆ ನೋಡಿ. ಕೆಲಸಗಳಿಗೂ ಎರಡು ಏಣಿ. ಬಿಳಿಯರ ಏಣಿ ಯಂತ್ರದ ಹತ್ತಿರಕ್ಕೆ, ಒಳ್ಳೆಯ ಸಂಬಳಕ್ಕೆ ಹತ್ತುತ್ತಿತ್ತು. ಕಪ್ಪು ಜನರ ಏಣಿ ನಾಲ್ಕು ಮೆಟ್ಟಿಲಿಗೇ ನಿಂತುಬಿಡ್ತಿತ್ತು.

1965

ಈ ಕಾರ್ಖಾನೆಯ ಕಪ್ಪು ಕಾರ್ಮಿಕರೇ ಅರವತ್ತರ ದಶಕದ ಬೊಗಲೂಸಾದ ಹೋರಾಟದ ಬೆನ್ನೆಲುಬು. ರಾಬರ್ಟ್ ಹಿಕ್ಸ್, ಎ. ಝೆಡ್. ಯಂಗ್ ಇಬ್ಬರೂ ಕಾರ್ಖಾನೆಯವರು, ಇಬ್ಬರೂ ಯೂನಿಯನ್ ಕೆಲಸದಲ್ಲಿ ಪಳಗಿದವರು. ಕೂ ಕ್ಲುಕ್ಸ್ ಕ್ಲಾನ್ ಅಲ್ಲಿ ಬಹಳ ಬಲವಾಗಿತ್ತು. 1965ರ ಫೆಬ್ರವರಿ 1ರ ರಾತ್ರಿ ಹಿಕ್ಸ್ ಮನೆಯಲ್ಲಿ ಇಬ್ಬರು ಬಿಳಿಯ ಹೋರಾಟಗಾರರು ಉಳಿದುಕೊಂಡಿದ್ದರು. ಗುಂಪು ಬರ್ತಾ ಇದೆ, ಅವರನ್ನ ಹೊರಗೆ ಕಳಿಸು ಅಂತ ಪೊಲೀಸರು ಹೇಳಿದರು. ರಕ್ಷಣೆ ಕೊಡ್ತೀವಿ ಅಂತ ಮಾತ್ರ ಹೇಳಲಿಲ್ಲ. ಹಿಕ್ಸ್ ದಂಪತಿ ಅತಿಥಿಗಳನ್ನ ಹೊರಗೆ ಕಳಿಸಲಿಲ್ಲ. ಕೇರಿಯವರಿಗೆ ಫೋನ್ ಮಾಡಿದರು. ಜನ ಬಂದೂಕು ತಗೊಂಡು ಬಂದು ಮನೆ ಕಾದರು. ಅದೇ ತಿಂಗಳು ಬೊಗಲೂಸಾದಲ್ಲಿ ಡೀಕನ್ಸ್ ಫಾರ್ ಡಿಫೆನ್ಸ್ ಅಂಡ್ ಜಸ್ಟಿಸ್ ಅನ್ನೋ ಸಂಘಟನೆಯ ಶಾಖೆ ಶುರುವಾಯ್ತು. ಲೂಯಿಸಿಯಾನದ ಜೋನ್ಸ್‌ಬರೊ ಅನ್ನೋ ಇನ್ನೊಂದು ಮಿಲ್ಲೂರಿನಲ್ಲಿ 1964ರಲ್ಲಿ ಹುಟ್ಟಿದ ಸಂಘಟನೆ ಅದು. ಅವರ ಕೆಲಸ ದಾಳಿ ಮಾಡೋದಲ್ಲ, ಮೆರವಣಿಗೆ ಹೊರಟ ತಮ್ಮ ಜನರಿಗೆ, ರಾತ್ರಿ ಮಲಗಿದ ತಮ್ಮ ಕೇರಿಗೆ ಕಾವಲು ನಿಲ್ಲೋದು.

ಬೆಲೆ ಕೊಡಬೇಕಾಯ್ತು. ಆ ವರ್ಷ ಜೂನ್ 2ರಂದು ಪಕ್ಕದ ವಾರ್ನಾಡೋ ಹಳ್ಳಿಯ ಹತ್ತಿರ, ವಾಷಿಂಗ್ಟನ್ ಪ್ಯಾರಿಷ್‌ನ ಮೊದಲ ಕಪ್ಪು ಡೆಪ್ಯುಟಿ ಶೆರಿಫ್‌ಗಳಲ್ಲಿ ಒಬ್ಬನಾದ ಓನೀಲ್ ಮೂರ್‌ನನ್ನ ಗುಂಡಿಟ್ಟು ಕೊಂದರು. ಇವತ್ತಿನವರೆಗೂ ಯಾರಿಗೂ ಶಿಕ್ಷೆ ಆಗಿಲ್ಲ. ಆದರೂ ಹೋರಾಟ ನಿಲ್ಲಲಿಲ್ಲ. 1967ರ ಆಗಸ್ಟಿನಲ್ಲಿ ಎ. ಝೆಡ್. ಯಂಗ್ ನೇತೃತ್ವದಲ್ಲಿ ಬೊಗಲೂಸಾದಿಂದ ರಾಜಧಾನಿ ಬ್ಯಾಟನ್ ರೂಜ್‌ವರೆಗೆ ನೂರು ಮೈಲಿಗೂ ಹೆಚ್ಚು ದೂರ ನಡೆದರು.

ಇಲ್ಲಿಂದ ನಮ್ಮ ತನಕ ಒಂದು ಎಳೆ ಬರುತ್ತೆ. 1966ರಲ್ಲಿ ಓಕ್‌ಲ್ಯಾಂಡ್‌ನಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಕಟ್ಟಿದ ಹ್ಯೂಯಿ ನ್ಯೂಟನ್ ಹುಟ್ಟಿದ್ದು ಲೂಯಿಸಿಯಾನದಲ್ಲಿ. ಅವರ ತಂದೆ ಸಾಮಿಲ್ಲುಗಳಲ್ಲೂ ದುಡಿದವರು. ಡೀಕನ್ಸ್‌ರಿಂದ ಕಲಿತೆ ಅಂತ ನ್ಯೂಟನ್ ಹೇಳಿಕೊಂಡಿದ್ದಾರೆ. ಆ ಪ್ಯಾಂಥರ್‌ಗಳ ಹೆಸರನ್ನ ಎತ್ತಿಕೊಂಡು 1972ರಲ್ಲಿ ಮುಂಬೈಯಲ್ಲಿ ನಾಮದೇವ ಢಸಾಳ, ಜೆ.ವಿ. ಪವಾರ್, ರಾಜಾ ಢಾಲೆ ಮುಂತಾದವರು ದಲಿತ ಪ್ಯಾಂಥರ್ಸ್ ಕಟ್ಟಿದರು. ಅದೇ ದಶಕದಲ್ಲಿ, ಕಾರ್ಖಾನೆ ಊರಾದ ಭದ್ರಾವತಿಯಲ್ಲಿ ಮೇಷ್ಟ್ರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರ ನೇತೃತ್ವದಲ್ಲಿ ನಮ್ಮ ದಲಿತ ಸಂಘರ್ಷ ಸಮಿತಿ ಎದ್ದು ನಿಂತಿತು. ಬೊಗಲೂಸಾ ನಮಗೆ ದೂರದ ಊರು, ಸಂಬಂಧ ಇಲ್ಲದ ಊರಲ್ಲ.

ಬೋರ್ಡ್ ತೆಗೆದರು, ಪಟ್ಟಿ ಇಟ್ಟುಕೊಂಡರು

ಈಗ ಸೀನಿಯಾರಿಟಿಗೆ ಬರ್ತೀನಿ.

1964ರ ಮೇ ತಿಂಗಳಲ್ಲಿ ಕಾರ್ಖಾನೆ ಎರಡು ಏಣಿಗಳನ್ನ ಸೇರಿಸಿ ಒಂದು ಮಾಡ್ತು. ಹೇಗೆ ಸೇರಿಸಿದರು? ಕಪ್ಪು ಜನರ ಏಣಿಯನ್ನ ಹೆಚ್ಚುಕಮ್ಮಿ ಬಿಳಿಯರ ಏಣಿಯ ಕೆಳಗೆ ಜೋಡಿಸಿದರು. ಇನ್ನು ಯಾರು ಬೇಕಾದರೂ ಹತ್ತಬಹುದು, ಬಣ್ಣ ನೋಡಲ್ಲ, ಸೀನಿಯಾರಿಟಿ ನೋಡ್ತೀವಿ ಅಂದರು.

ಯಾವ ಸೀನಿಯಾರಿಟಿ? ಕಾರ್ಖಾನೆಯಲ್ಲಿ ಒಟ್ಟು ಎಷ್ಟು ವರ್ಷ ದುಡಿದಿದ್ದೀಯ ಅನ್ನೋದಲ್ಲ. ಮೇಲಿನ ಹುದ್ದೆಗೆ ಸರಿಯಾಗಿ ಒಂದು ಮೆಟ್ಟಿಲು ಕೆಳಗಿನ ಆ ನಿರ್ದಿಷ್ಟ ಹುದ್ದೆಯಲ್ಲಿ ಎಷ್ಟು ದಿನ ಇದ್ದೀಯ ಅನ್ನೋದು. ಒಬ್ಬ ಕಪ್ಪು ಕಾರ್ಮಿಕ ಇಪ್ಪತ್ತು ವರ್ಷ ಅಲ್ಲಿ ದುಡಿದಿದ್ದಾನೆ ಅಂದ್ಕೊಳ್ಳಿ. ಬಿಳಿಯರ ಹುದ್ದೆಗೆ ಅವನನ್ನ ಬಿಟ್ಟೇ ಇರಲಿಲ್ಲ, ಹಾಗಾಗಿ ಅಲ್ಲಿ ಅವನ ಸೇವೆ ಸೊನ್ನೆ. ಮೂರು ವರ್ಷದ ಹಿಂದೆ ಬಂದ ಬಿಳಿಯ ಹುಡುಗನ ಸೇವೆ ಮೂರು ವರ್ಷ. ಪಟ್ಟಿ ಪ್ರಕಾರ ಹುಡುಗನೇ ಸೀನಿಯರ್. ನಿಯಮದಲ್ಲಿ ಬಣ್ಣದ ಹೆಸರೇ ಇಲ್ಲ. ಹಿಂದೆ ಬಾಗಿಲು ಹಾಕಿದವರೇ ಈಗ ಬಾಗಿಲು ತೆಗೆದು, ನೀನು ಯಾಕೆ ಇಷ್ಟು ಲೇಟು ಅಂತ ಕೇಳಿದ ಹಾಗೆ.

ಕಪ್ಪು ಕಾರ್ಮಿಕರು ಬಿಡಲಿಲ್ಲ. ಉದ್ಯೋಗದಲ್ಲಿ ತಾರತಮ್ಯ ನಿಷೇಧಿಸುವ ಕಾನೂನು 1965ರ ಜುಲೈನಲ್ಲಿ ಜಾರಿಗೆ ಬಂದಿತ್ತು. ಒತ್ತಡ ಹೆಚ್ಚಾಗಿ ಕಂಪನಿ ಕೊನೆಗೆ ನಿಯಮ ಬದಲಿಸೋಕೆ ಒಪ್ಪಿಕೊಂಡಾಗ, ಬೇಡ ಅಂತ ಮುಷ್ಕರಕ್ಕೆ ಸಜ್ಜಾದದ್ದು ಯಾರು ಗೊತ್ತಾ? ಬಿಳಿಯರ ಯೂನಿಯನ್. 1968ರಲ್ಲಿ ಕೇಂದ್ರ ಸರ್ಕಾರವೇ ಕೋರ್ಟಿಗೆ ಹೋಗಬೇಕಾಯ್ತು. ಮೇಲ್ಮನವಿಯ ಹೆಸರು ಲೋಕಲ್ 189 ವಿರುದ್ಧ ಯುನೈಟೆಡ್ ಸ್ಟೇಟ್ಸ್. ಗೋಡೆಯನ್ನ ಕಾಪಾಡಿ ಅಂತ ಕೋರ್ಟಿನ ಬಾಗಿಲು ತಟ್ಟಿದ್ದು ಕಾರ್ಮಿಕರ ಸಂಘ.

ಇದೇ ಊರಿನಲ್ಲಿ, ಐವತ್ತು ವರ್ಷದ ಹಿಂದೆ, ನಾಲ್ವರು ಬಿಳಿಯ ಯೂನಿಯನ್ ಕಾರ್ಮಿಕರು ಕಪ್ಪು ನಾಯಕನೊಬ್ಬನ ಪರ ನಿಂತು ಸತ್ತಿದ್ದರು. ಒಗ್ಗಟ್ಟು ತಾನಾಗಿ ಅಪ್ಪನಿಂದ ಮಗನಿಗೆ ಬರೋ ಆಸ್ತಿ ಅಲ್ಲ. 1919ರವರಿಗೆ ಧೈರ್ಯ ಇತ್ತು, ಜೀವ ಕೊಟ್ಟರು. ಆದರೆ ಯಾರಿಗೆ ಯಾವ ಕೆಲಸ, ಯಾರಿಗೆ ಯಾವ ಬಡ್ತಿ ಅನ್ನೋ ಪಟ್ಟಿ ಹಾಗೇ ಉಳಿದಿತ್ತು. ಆ ಪಟ್ಟಿಯೇ ಮುಂದಿನ ತಲೆಮಾರಿನ ಬಿಳಿಯ ಕಾರ್ಮಿಕನಿಗೆ ಅವನ ಹಿತ ಯಾವ ಕಡೆ ಇದೆ ಅಂತ ದಿನಾ ಪಾಠ ಮಾಡ್ತು.

1969ರ ಜುಲೈನಲ್ಲಿ ತೀರ್ಪು ಬರೆದವರು ನ್ಯಾಯಮೂರ್ತಿ ಜಾನ್ ಮೈನರ್ ವಿಸ್ಡಮ್, ಅವರೂ ಲೂಯಿಸಿಯಾನದವರೇ. ಹಿಂದಿನ ತಾರತಮ್ಯವನ್ನ ಹೊತ್ತು ಮುಂದಕ್ಕೆ ಸಾಗಿಸುವ ಸೀನಿಯಾರಿಟಿ, ಮೇಲುನೋಟಕ್ಕೆ ಎಷ್ಟೇ ತಟಸ್ಥವಾಗಿದ್ದರೂ, ಅದೂ ತಾರತಮ್ಯವೇ ಅನ್ನೋದು ಅವರ ತೀರ್ಮಾನ. ಇನ್ನು ಮುಂದೆ ಕಾರ್ಖಾನೆಯಲ್ಲಿ ಒಟ್ಟು ದುಡಿದ ವರ್ಷಗಳನ್ನ ಲೆಕ್ಕ ಹಿಡಿಯಬೇಕು ಅಂತಾಯ್ತು. ಈಗಾಗಲೇ ಹುದ್ದೆಯಲ್ಲಿರುವ ಬಿಳಿಯರನ್ನ ಕೆಳಗಿಳಿಸಬೇಕು ಅಂತ ಕೋರ್ಟು ಹೇಳಲಿಲ್ಲ. ಕೆಲಸ ಗೊತ್ತಿಲ್ಲದವರಿಗೂ ಕೊಡಿ ಅಂತಲೂ ಹೇಳಲಿಲ್ಲ. ಮುಂದೆ ಖಾಲಿಯಾಗುವ ಜಾಗಕ್ಕೆ, ಅರ್ಹತೆ ಇರುವ ಕಪ್ಪು ಕಾರ್ಮಿಕನ ಹಳೆಯ ವರ್ಷಗಳೂ ಲೆಕ್ಕಕ್ಕೆ ಬರಬೇಕು ಅಂತು. ಅಷ್ಟೇ. ಅಷ್ಟಕ್ಕೆ ಅಷ್ಟು ಗಲಾಟೆ.

ಆ ಗೆಲುವೂ ಪೂರ್ತಿ ಉಳಿಯಲಿಲ್ಲ. 1977ರಲ್ಲಿ ಟೀಮ್‌ಸ್ಟರ್ಸ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಕಾನೂನು ಬರುವ ಮುಂಚಿನ ತಾರತಮ್ಯವನ್ನ ಮುಂದುವರಿಸಿದರೂ ಪ್ರಾಮಾಣಿಕವಾಗಿ ಮಾಡಿದ ಸೀನಿಯಾರಿಟಿ ವ್ಯವಸ್ಥೆಗೆ ರಕ್ಷಣೆ ಇದೆ ಅಂತ ಹೇಳಿಬಿಡ್ತು.

ಬಾಂಬೆಯ ಲಾಳಿ, ಮನ್ಮಾಡಿನ ಗ್ಯಾಂಗ್‌ಮನ್

ಇದೆಲ್ಲ ಬಾಬಾಸಾಹೇಬರಿಗೆ ಮುಂಚೆಯೇ ಗೊತ್ತಿತ್ತು. ಬಾಂಬೆಯ ಬಟ್ಟೆ ಗಿರಣಿಗಳಲ್ಲಿ ಅಸ್ಪೃಶ್ಯರನ್ನ ನೇಯ್ಗೆ ವಿಭಾಗಕ್ಕೆ ಬಿಡ್ತಿರಲಿಲ್ಲ. ಹೊಸ ಕಂಡಿಕೆ ಹಾಕುವಾಗ ಲಾಳಿಯ ತೂತಿನಿಂದ ನೂಲನ್ನ ಬಾಯಲ್ಲಿ ಹೀರಿ ಎಳೀಬೇಕಿತ್ತು. ಅಸ್ಪೃಶ್ಯ ಬಾಯಿಟ್ಟ ಲಾಳಿಗೆ ಸವರ್ಣ ಕಾರ್ಮಿಕ ಬಾಯಿಡೋದು ಹೇಗೆ? ಹೆಚ್ಚು ಸಂಬಳ ಇದ್ದದ್ದು ಅದೇ ನೇಯ್ಗೆಯಲ್ಲಿ. 1928ರ ದೊಡ್ಡ ಮುಷ್ಕರದ ಹೊತ್ತಿಗೆ ಅಂಬೇಡ್ಕರ್ ಈ ಪ್ರಶ್ನೆ ಎತ್ತಿದರು. ಕಾರ್ಮಿಕರೆಲ್ಲ ಒಂದು ಅನ್ನುವ ನಾಯಕರು ಮೊದಲು ಈ ಬಾಗಿಲು ತೆಗೆಸಿ ಅಂದರು.

ಹತ್ತು ವರ್ಷದ ನಂತರ, 1938ರ ಫೆಬ್ರವರಿಯಲ್ಲಿ ಮನ್ಮಾಡಿನಲ್ಲಿ ಜಿ.ಐ.ಪಿ. ರೈಲ್ವೆಯ ದಲಿತ ಕಾರ್ಮಿಕರ ಸಮ್ಮೇಳನ. ಬ್ರಾಹ್ಮಣಶಾಹಿ, ಬಂಡವಾಳಶಾಹಿ ಎರಡೂ ಶತ್ರುಗಳು ಅಂತ ಅವರು ಹೇಳಿದ್ದು ಅಲ್ಲೇ. ಆ ಮಾತು ನಮ್ಮೆಲ್ಲರ ಪೋಸ್ಟರಿನಲ್ಲಿದೆ. ಅದೇ ಭಾಷಣದಲ್ಲಿ ಇನ್ನೊಂದು ವಿಷಯ ಇದೆ, ಅದನ್ನ ನಾವು ಅಷ್ಟಾಗಿ ಹೇಳೋದಿಲ್ಲ. ರೈಲ್ವೆಯಲ್ಲಿ ದಲಿತ ಬದುಕಿಡೀ ಗ್ಯಾಂಗ್‌ಮನ್ ಆಗಿಯೇ ಕೊಳೀತಾನೆ, ಪೋರ್ಟರ್ ಕೂಡ ಆಗೋಕೆ ಆಗಲ್ಲ, ಯಾಕಂದ್ರೆ ಪೋರ್ಟರ್ ಸ್ಟೇಷನ್ ಮಾಸ್ತರರ ಮನೆಗೆಲಸಕ್ಕೂ ಹೋಗಬೇಕು, ಮಾಸ್ತರರು ಸವರ್ಣರು. ನೋಡಿ, ಅವರು ಶತ್ರುವಿನ ಹೆಸರನ್ನಷ್ಟೇ ಹೇಳಿ ಸುಮ್ಮನಾಗಲಿಲ್ಲ. ಯಾವ ಹುದ್ದೆಯಿಂದ ಯಾವ ಹುದ್ದೆಗೆ ಹೋಗೋಕೆ ಯಾರು ಎಲ್ಲಿ ತಡೀತಾರೆ ಅಂತ ಮೆಟ್ಟಿಲು ಮೆಟ್ಟಿಲಾಗಿ ಲೆಕ್ಕ ಕೊಟ್ಟರು.

ಕರ್ನಾಟಕದ ಪಟ್ಟಿ

ಈಗ ನಮ್ಮ ರಾಜ್ಯ. ಇಲ್ಲಿ ಬಡ್ತಿಯಲ್ಲಿ ಮೀಸಲಾತಿ 1978ರಿಂದ ಇದೆ. ಮೀಸಲಾತಿಯಲ್ಲಿ ಬಡ್ತಿ ಪಡೆದವರಿಗೆ ಆ ಮೇಲಿನ ಹುದ್ದೆಯಲ್ಲಿ ಸೀನಿಯಾರಿಟಿಯೂ ಸಿಗಬೇಕೋ, ಅಥವಾ ಹಿಂದಿನಿಂದ ಬಡ್ತಿ ಪಡೆದು ಬಂದ ಸಾಮಾನ್ಯ ವರ್ಗದವರು ಮತ್ತೆ ಅವರ ಮುಂದೆ ಹೋಗಿ ನಿಲ್ಲಬೇಕೋ? ತೊಂಬತ್ತರ ದಶಕದಲ್ಲಿ ಸುಪ್ರೀಂ ಕೋರ್ಟಿನ ಕೆಲವು ತೀರ್ಪುಗಳು ಎರಡನೆಯದನ್ನ ಎತ್ತಿಹಿಡಿದವು. ಅದಕ್ಕೆ ಕ್ಯಾಚ್-ಅಪ್ ನಿಯಮ ಅಂತ ಹೆಸರು. 2001ರಲ್ಲಿ ಸಂಸತ್ತು 85ನೇ ತಿದ್ದುಪಡಿ ತಂದು ಬಡ್ತಿಯ ಜೊತೆ ಸೀನಿಯಾರಿಟಿ ಕೊಡೋಕೆ ದಾರಿ ಮಾಡ್ತು. ಕರ್ನಾಟಕ 2002ರಲ್ಲಿ ಅದಕ್ಕೆ ಕಾಯ್ದೆ ಮಾಡಿಕೊಂಡಿತು. 2017ರ ಫೆಬ್ರವರಿ 9ರಂದು ಬಿ.ಕೆ. ಪವಿತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯ ಸೀನಿಯಾರಿಟಿ ಕಲಮುಗಳನ್ನ ರದ್ದು ಮಾಡ್ತು. ಹಿಂದುಳಿದಿರುವಿಕೆಗೆ, ಪ್ರಾತಿನಿಧ್ಯದ ಕೊರತೆಗೆ ಅಂಕಿಅಂಶ ಎಲ್ಲಿ ಅಂತ ಕೇಳ್ತು.

ಆಗಿನ ಆತಂಕ ನಿಮಗೆಲ್ಲ ನೆನಪಿರಬೇಕು. ಹಿಂಬಡ್ತಿ ಅನ್ನೋ ಪದ ಮನೆಮನೆಗೆ ಬಂತು. ವರ್ಷಗಟ್ಟಲೆ ಸೇವೆ ಮಾಡಿದವರು ಪಟ್ಟಿಯಲ್ಲಿ ತಮ್ಮ ಹೆಸರು ಎಲ್ಲಿ ಜಾರಿದೆ ಅಂತ ಹುಡುಕುವ ಪರಿಸ್ಥಿತಿ. ಹೋರಾಟ ನಡೀತು. ರತ್ನಪ್ರಭಾ ಸಮಿತಿ ಇಲಾಖೆವಾರು ಅಂಕಿಅಂಶ ಕಲೆಹಾಕಿತು. ಅದರ ಆಧಾರದ ಮೇಲೆ ಬಂದ ಹೊಸ ಕಾಯ್ದೆಗೆ 2018ರ ಜೂನ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಸಿಕ್ಕಿತು. 2019ರ ಮೇ 10ರಂದು ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡಿಯಿತು.

ಬೊಗಲೂಸಾದ ಪ್ರಕರಣ, ನಮ್ಮ ಪ್ರಕರಣ ಒಂದೇ ಅಚ್ಚಿನವಲ್ಲ. ಅಲ್ಲಿ ತಡೆದದ್ದು ಹುದ್ದೆಯ ಬಾಗಿಲಲ್ಲೇ. ಇಲ್ಲಿ ಬಾಗಿಲು ದಾಟಿ ಮೇಲೆ ಹೋದವರನ್ನ ಮತ್ತೆ ಹಿಂದಕ್ಕೆ ನಿಲ್ಲಿಸುವ ಪ್ರಯತ್ನ. ಕಾನೂನಿನ ದಾರಿಯೂ ಬೇರೆ. ಆದರೆ ಕೇಳಬೇಕಾದ ಪ್ರಶ್ನೆ ಒಂದೇ: ಸೀನಿಯಾರಿಟಿಯನ್ನ ಯಾವ ದಿನದಿಂದ ಎಣಿಸ್ತೀರಿ, ಯಾವ ಹುದ್ದೆಯಲ್ಲಿ ಎಣಿಸ್ತೀರಿ, ಎಣಿಸೋಕೆ ಶುರುಮಾಡುವ ಮುಂಚೆ ಆ ಹುದ್ದೆಗೆ ಯಾರನ್ನ ಬಿಟ್ಟಿದ್ದಿರಿ? ಈ ಮೂರಕ್ಕೆ ಉತ್ತರ ಕೊಡದೆ ಸೀನಿಯಾರಿಟಿ ತಟಸ್ಥ ಅನ್ನೋರಿಗೆ ಲೋಕಲ್ 189ರ ಕಥೆ ಹೇಳಿ.

ಇನ್ನೊಂದು ಮಾತು. ಬಡ್ತಿಯ ಪಟ್ಟಿಯಲ್ಲಿ ಹೆಸರೇ ಇಲ್ಲದವರು ನಮ್ಮಲ್ಲೇ ಹೆಚ್ಚು. ಗುತ್ತಿಗೆಯಲ್ಲಿ ಕಸ ಎತ್ತುವವರು, ಹೊರಗುತ್ತಿಗೆಯ ಡಿ ಗ್ರೂಪ್ ನೌಕರರು. ಅವರಿಗೆ ಸೇವೆಯ ಮೊದಲ ದಿನವೇ ಲೆಕ್ಕದಲ್ಲಿಲ್ಲ. ಏಜೆನ್ಸಿ ಬದಲಾದಾಗೆಲ್ಲ ಅವರು ಹೊಸಬರು. ಹದಿನೈದು ವರ್ಷ ಅದೇ ಬೀದಿ ಗುಡಿಸಿದವರೂ ಕಾಗದದಲ್ಲಿ ನಿನ್ನೆ ಬಂದವರು. ಖಾಯಂ ನೌಕರರಾಗಿರುವ ನಮ್ಮವರು ಬಡ್ತಿಗೆ ಹೋರಾಡುವಾಗ ಇವರ ಸೇವೆಯ ಲೆಕ್ಕಕ್ಕೂ ಹೋರಾಡಬೇಕು. ಇಲ್ಲದಿದ್ರೆ ನಮ್ಮೊಳಗೇ ಒಂದು 189, ಒಂದು 189-ಎ ಹುಟ್ಟುತ್ತೆ.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ನೀವಿರುವ ಇಲಾಖೆಯ, ನಿಗಮದ, ಕಾರ್ಖಾನೆಯ ಸೀನಿಯಾರಿಟಿ ಪಟ್ಟಿ ತೆಗೆಸಿ. ಆರ್.ಟಿ.ಐ. ಹಾಕಿ. ಆಕ್ಷೇಪಣೆ ಸಲ್ಲಿಸುವ ಕೊನೆಯ ದಿನ ದಾಟೋಕೆ ಬಿಡಬೇಡಿ. ಗುತ್ತಿಗೆ ನೌಕರರ ಹಾಜರಾತಿ, ಪಿ.ಎಫ್. ದಾಖಲೆಯ ಪ್ರತಿಗಳನ್ನ ಒಂದು ಕಡೆ ಇಡಿ. ಯೂನಿಯನ್ ಸಭೆಯಲ್ಲಿ "ನಾವೆಲ್ಲ ಕಾರ್ಮಿಕರು, ಜಾತಿ ಮಾತು ಬೇಡ" ಅಂತ ಯಾರಾದರೂ ಅಂದರೆ, ಜಗಳ ಆಡಬೇಡಿ. ಪಟ್ಟಿಯನ್ನ ಮೇಜಿನ ಮೇಲಿಟ್ಟು, ಮೇಲಿನಿಂದ ಕೆಳಗಿನವರೆಗೆ ಎಲ್ಲರ ಎದುರು ಜೋರಾಗಿ ಓದಿ.

ಜೈ ಭೀಮ್.